ಸೋಮವಾರದ ಡಬ್ಬಿ

3 ನವೆಂಬರ್, ಸೋಮವಾರ. ಬೆಳಗ್ಗೆ 6

ಬೂಟು ಮತ್ತೆ ಒರೆಸಿದೆ. ಮೂರನೇ ಸಲ! ಇವತ್ತಿನಿಂದ ಕುರುಗೋಡಿನ ಕರೆಂಟ್ ಆಫೀಸಿನಲ್ಲಿ ಲೈನ್ ಕೆಲಸ. ಕಂಬ ಹತ್ತುವ ಕೆಲಸ. ಬಳ್ಳಾರಿಯ ಸೀರೆ ಅಂಗಡಿಯಲ್ಲಿ ಎರಡು ವರ್ಷ ಕೂತು ಬಿಲ್ ಹರಿದದ್ದು ಸಾಕು. ಒಂದು ತಿಂಗಳು ನೋಡುತ್ತಾರಂತೆ. ಕಂಬ ಹತ್ತಲಾಗದಿದ್ದರೆ ಬಿಲ್ ಕೌಂಟರಿಗೆ ಹಾಕುತ್ತಾರಂತೆ. ಮತ್ತೆ ಕೌಂಟರ್? ಸತ್ತರೂ ಒಲ್ಲೆ.

ಅವ್ವನದೊಂದು ಹರಕೆ ಇದೆ. ನನಗೆ ಕೆಲಸ ಸಿಕ್ಕರೆ ಐದು ಸೋಮವಾರ ಒಪ್ಪತ್ತು ಮಾಡಿಸುತ್ತೇನೆ ಅಂತ ದೊಡ್ಡಬಸವೇಶ್ವರನಿಗೆ ಹೇಳಿಕೊಂಡಿದ್ದಾಳೆ. ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಊಟ. ಹೇಳಿಕೊಂಡವಳು ಅವಳು, ಹಸಿಯಬೇಕಾದವಳು ನಾನು. ಇರಲಿ. ಅಂಗಡಿಯಲ್ಲಿ ಎರಡು ಇಡ್ಲಿಯಲ್ಲಿ ದಿನ ದೂಡಿದವಳಿಗೆ ಇದೇನು ಮಹಾ!

ಅದೇ ದಿನ, ಸಂಜೆ

ಮಹಾ.

ಆಫೀಸಿನ ಹಿಂದೆ ಕಲಿಯುವವರಿಗೆಂದೇ ಕರೆಂಟಿಲ್ಲದ ಕಂಬ ನೆಟ್ಟಿದ್ದಾರೆ. ಸೊಂಟಕ್ಕೆ ಬೆಲ್ಟ್, ಹೆಗಲಿಗೆ ಹಗ್ಗ, ಸ್ಪಾನರ್ ಚೀಲ. ಅರ್ಧ ಹತ್ತಿದೆ. ಕಣ್ಣು ಕತ್ತಲಿಟ್ಟಿತು, ಕಾಲು ಗಡಗಡ. ಬೆಲ್ಟಿಗೆ ಜೋತುಬಿದ್ದೆ. ಕೆಳಗೆ ಯರ್ರಿಸ್ವಾಮಿ ಅಣ್ಣ — ಹಿರಿಯ ಲೈನ್‌ಮನ್, ನನಗೆ ಕಲಿಸುವವರು.

“ಅಂಜಿಕಿ ಬಂತೇನಮ್ಮಾ? ಇಳೀ, ಇಳೀ. ಇದು ಎಲ್ಲಾರಿಗೂ ಆಗಂಗಿಲ್ಲ.”

ಅಂಜಿಕೆ ಅಲ್ಲ, ಹಸಿವು! ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹರಕೆಯ ಮಾತು ಎತ್ತಿದರೆ ಇಡೀ ಆಫೀಸು ನಗುತ್ತದೆ.

5 ನವೆಂಬರ್

ಹಸಿವೇ ತಾನೆ? ಬಸ್‌ಸ್ಟ್ಯಾಂಡಿನ ಹೋಟೆಲಿಗೆ ನುಗ್ಗಿ ಎರಡು ಪ್ಲೇಟ್ ಮಂಡಕ್ಕಿ ಒಗ್ಗರಣೆ, ಐದು ಮಿರ್ಚಿ ಬಜ್ಜಿ ಹೊಡೆದೆ. ಕಂಬ ಹತ್ತಿದೆ. ನನ್ನ ಜೊತೆ ಮಿರ್ಚಿಯೂ ಮೇಲೆ ಹತ್ತಿತು... ಇಳಿದು ಬೇಲಿಯ ಪಕ್ಕಕ್ಕೆ ಓಡಿದೆ.

ಅಣ್ಣ ಈ ಸಲ ಬೈಯಲಿಲ್ಲ. ನೀರು ಕೊಟ್ಟರು.

“ಏನ್ ತಿಂದಿ ಹೇಳು. ...ಐದಾ! ಎಣ್ಣಿದು ತಿಂದು ಕಂಬ ಹತ್ತಬಾರ್ದು ತಾಯೀ. ಮುಂಜಾನಿ ಎರಡು ರೊಟ್ಟಿ, ಪಲ್ಯ. ಹನ್ನೊಂದಕ್ಕ ಒಂದು ಮುಷ್ಟಿ ಶೇಂಗಾ, ಬೆಲ್ಲ. ಬಿಸಲಾಗ ಉಪ್ಪು ಹಾಕಿದ ಮಜ್ಜಿಗಿ. ಹೊಟ್ಟಿ ತುಂಬ ಉಣ್ಣಾದು ಕಂಬ ಇಳಿದ ಮ್ಯಾಲೆ.”

8 ನವೆಂಬರ್. ಸಂಜೆ

ತುದಿ!! ತುದಿ ಮುಟ್ಟಿದೆ!

ಮೇಲಿನಿಂದ ಕುರುಗೋಡಿನ ಗುಡ್ಡ, ಸಿರುಗುಪ್ಪದ ಕಡೆಗೆ ಹಣ್ಣಾದ ಭತ್ತ, ದೂರದಲ್ಲಿ ಕುಡತಿನಿಯ ಚಿಮಣಿ ಹೊಗೆ. ಇಳಿಯಲು ಮನಸ್ಸೇ ಬರಲಿಲ್ಲ. ಮನೆಗೆ ಬಂದು ಐದು ರೊಟ್ಟಿ ತಿಂದೆ. ಅವ್ವ ಬುಟ್ಟಿಗೆ ಕೈ ಹಾಕಿ ನೋಡಿದಳು, ಖಾಲಿ.

“ಹೊಟ್ಟಿಯೇನಽ ಇದು, ಜೋಳದ ಚೀಲೇನಽ?”

10 ನವೆಂಬರ್, ಸೋಮವಾರ

ಒಪ್ಪತ್ತು. ಮತ್ತೆ ಅರ್ಧವೇ. ಸೆಕ್ಷನ್ ಆಫೀಸರ್ ಅರುಣಾ ಮೇಡಂ ಇವತ್ತೇ ಬಂದು ನಿಂತಿರಬೇಕೆ? “ಇಪ್ಪತ್ನಾಲ್ಕಕ್ಕ ಪರೀಕ್ಷೆ. ಹತ್ತು ನಿಮಿಷದಾಗ ತುದಿಗಿ ಹೋಗಿ, ಇನ್ಸುಲೇಟರ್ ಬದಲಿಸಿ ಇಳೀಬೇಕು,” ಎಂದರು.

ಕ್ಯಾಲೆಂಡರ್ ನೋಡಿದೆ. ಇಪ್ಪತ್ನಾಲ್ಕು — ಸೋಮವಾರ!

23 ನವೆಂಬರ್, ಭಾನುವಾರ

ಹದಿನೇಳರಂದೂ ಅರ್ಧವೇ. ಇವತ್ತು ತಡೆಯಲಾಗಲಿಲ್ಲ, ಅವ್ವನಿಗೆ ಹೇಳಿಬಿಟ್ಟೆ. ಕಣ್ಣು ಕತ್ತಲಿಟ್ಟದ್ದು, ಜೋತುಬಿದ್ದದ್ದು, ಎಲ್ಲ. ಬೈಯುತ್ತಾಳೆ ಅಂದುಕೊಂಡಿದ್ದೆ. ಹಿಟ್ಟಿನ ಕೈಯಲ್ಲೇ ಬಂದು ನನ್ನ ತೋಳು ಮುಟ್ಟಿ ನೋಡಿದಳು.

“ಸೋಮವಾರ ಎತ್ತಿನ ಹೆಗಲಿಗಿ ನೊಗ ಇಡಂಗಿಲ್ಲ ನಾವು. ಎತ್ತಿಗೂ ಸೂಟಿ ಐತಿ, ನಿನಗಿಲ್ಲ. ಬಸವಣ್ಣಗ ಅಷ್ಟು ತಿಳಿಯಂಗಿಲ್ಲೇನು? ನಾ ಹೇಳ್ಕಂತೀನಿ. ನಿನ್ನ ಪಾಲಿನ ಒಪ್ಪತ್ತೂ ನನಗಿರ್ಲಿ. ನೀ ತಿನ್ನು.”

ಅಬ್ಬಾ! ಎದೆಯ ಮೇಲಿನ ಕಲ್ಲು ಇಳಿಯಿತು.

24 ನವೆಂಬರ್, ಸೋಮವಾರ. ಸಂಜೆ

ಒಂಬತ್ತು ನಿಮಿಷ! ಅಣ್ಣ ವಾಚ್ ಎತ್ತಿ ಎಲ್ಲರಿಗೂ ತೋರಿಸಿದರು. ಮೇಡಂ ಕೈಕುಲುಕಿದರು. ಕೌಂಟರಿಗೆ ಶರಣು ಶರಣಾರ್ಥಿ. ನಾನು ಲೈನಿನವಳು.

ಅವ್ವ ಪರರ ಹೊಲದಲ್ಲಿ ಹತ್ತಿ ಬಿಡಿಸಿ ಬಂದಳು. ಸುದ್ದಿ ಕೇಳಿ ನನ್ನ ಕೆನ್ನೆ ಹಿಡಿದು ನಕ್ಕಳು. ಹಾಗೆಯೇ ಗೋಡೆ ಹಿಡಿದು ಕೂತಳು. ಕೈ ನಡುಗುತ್ತಿತ್ತು. ಆ ನಡುಕ ನನಗೆ ಗೊತ್ತು. ಅರ್ಧ ಕಂಬದಲ್ಲಿ ನನಗೆ ಬಂದದ್ದು ಅದೇ.

“ಮುಂಜಾನಿಂದ ಏನ್ ತಿಂದಿ ಅವ್ವಾ?”

“ಸೋಮವಾರ ಅಲ್ಲೇನು? ನೀರು ಕುಡುದೀನಿ.”

ನಾನು ಹುಟ್ಟುವ ಮೊದಲಿನಿಂದ ಅವಳಿಗೆ ಸೋಮವಾರ ಒಪ್ಪತ್ತು. ಅಷ್ಟೂ ಸೋಮವಾರ ಹೊಲಕ್ಕೆ ಹೋಗಿದ್ದಾಳೆ. ನಾನು ಮೂರೇ ಸೋಮವಾರಕ್ಕೆ ಊರೆಲ್ಲ ಒಂದು ಮಾಡಿದೆ. ನಾಚಿಕೆಯಾಯಿತು. ಅಳುವೂ ಬಂತು.

“ಎತ್ತಿಗೆ ಸೂಟಿ ಐತಿ. ನಿನಗೆಲ್ಲೈತಿ?” ಅಂದೆ.

ಅವ್ವ ಎದ್ದು ದೀಪಕ್ಕೆ ಎಣ್ಣೆ ಹಾಕಿದಳು.

1 ಡಿಸೆಂಬರ್, ಸೋಮವಾರ. ಬೆಳಗ್ಗೆ

ನಾನೇ ರೊಟ್ಟಿ ಬಡಿದೆ. ಒಂದೂ ದುಂಡಗಿಲ್ಲ. ಎರಡು ಡಬ್ಬಿ ಕಟ್ಟಿದೆ — ರೊಟ್ಟಿ, ಪುಂಡಿ ಪಲ್ಯ, ಶೇಂಗಾ, ಬೆಲ್ಲ. ಒಂದು ನನಗೆ. ಇನ್ನೊಂದು ಅವ್ವನ ಮುಂದಿಟ್ಟೆ.

“ನಾನೂ ಬಸವಣ್ಣಗ ಹೇಳ್ಕಂಡೀನಿ,” ಅಂದೆ.

ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಚೀಲಕ್ಕೆ ಹಾಕಿಕೊಂಡಳು. ತಿನ್ನುತ್ತಾಳೋ, ದಾರಿಯ ದನಕ್ಕೆ ಹಾಕುತ್ತಾಳೋ... ದೇವರೇ ಬಲ್ಲ.

ಸಂಜೆ 6.20

ಬಂದಳು. ಮುಖ ಆ ಕಡೆ ತಿರುಗಿಸಿ ಡಬ್ಬಿ ಕೊಟ್ಟಳು. ಹಗುರ! ಆದರೂ ನಂಬಿಕೆ ಬರಲಿಲ್ಲ. ಮುಚ್ಚಳ ತೆಗೆದೆ. ಒಂದೇ ಒಂದು ಶೇಂಗಾ ಕಾಳು.

“ಪಲ್ಯಕ್ಕ ಉಪ್ಪು ಕಮ್ಮಿ ಆಗಿತ್ತು ನೋಡು,” ಅಂದಳು.

ತಿಂದಿದ್ದಾಳೆ! ಅವ್ವ ತಿಂದಿದ್ದಾಳೆ!