ರೇಡಿಯೋ ಕುಡಿದ ಬ್ಯಾಟರಿ

ಭೋಜ,

ಮೋಟಾರ್ ಸೈಕಲಿಗೆ ಕಿಕ್ ಹೊಡೆದು ಹೊಡೆದು ನನ್ನ ಮೊಣಕಾಲು ಸೋತಿತು. ಪೆಟ್ರೋಲ್ ಉಂಟು, ಪ್ಲಗ್ ಉಜ್ಜಿದೆ, ಆದರೂ ಕಿಡಿಯಿಲ್ಲ. ಹಾರ್ನ್ ಒತ್ತಿದರೆ ಬೆಕ್ಕಿನ ಮರಿಯಂತೆ ನರಳಿತು. ಕೊನೆಗೆ ನೋಡಿದರೆ ಬ್ಯಾಟರಿಯಲ್ಲಿ ನಿನ್ನ ರೇಡಿಯೋದ ವಯರು. ನಿನ್ನೆಯಿಡೀ ಹಾಡು ಕೇಳಿ ಅದನ್ನು ಬರಿದು ಮಾಡಿದ್ದೀ.

ತಂಗಿಗೆ ಇವತ್ತು ಹತ್ತಕ್ಕೆ ಮೂಡಬಿದ್ರೆಯಲ್ಲಿ ಟೀಚರ್ ಕೆಲಸದ ಸಂದರ್ಶನ ಎಂದು ನಿನಗೆ ಗೊತ್ತಿರಲಿಲ್ಲವಾ? ಈ ಗಲಾಟೆಯಲ್ಲಿ ಬಸ್ಸೂ ತಪ್ಪಿತು. ಸ್ವರ್ಣಲತಾ ಅಳಲಿಲ್ಲ. "ಅಣ್ಣಾ, ಹಂಚಿನ ಲಾರಿ ಉಂಟು, ಅದರಲ್ಲೇ ಹೋಗುವ" ಎಂದಳು. ಅವಳನ್ನು ಡ್ರೈವರನ ಪಕ್ಕ ಕೂರಿಸಿ, ನಾನು ಹಿಂದೆ ಹಂಚಿನ ಮೇಲೆ ಕೂತು ಹೋಗುತ್ತೇನೆ.

ಬೈದುಬಿಟ್ಟೇನು ಎಂದು ನಿನ್ನನ್ನು ಎಬ್ಬಿಸಲಿಲ್ಲ. ಎದ್ದವನೇ ಬ್ಯಾಟರಿ ಬಿಚ್ಚಿ ಬಂಟ್ವಾಳ ಪೇಟೆಯಲ್ಲಿ ಚಾರ್ಜಿಗೆ ಕೊಡು. ಸಂಜೆ ಅವಳ ಹತ್ತಿರ ತಪ್ಪಾಯಿತು ಎಂದು ಹೇಳು. ಅವಳು ಈಗಲೂ, "ಬ್ಯಾಟರಿಯೇ ಹಳತು, ಭೋಜಣ್ಣನಿಗೆ ಬೈಯಬೇಡ" ಎನ್ನುತ್ತಿದ್ದಾಳೆ.

ಅಣ್ಣ