ಬಾಗಿಲಾಚೆ ಬಾರಿಸುವುದಿಲ್ಲ

ಹಂಗಳ
ಜುಲೈ 18, ಶುಕ್ರವಾರ

ಸಿಟ್ಟು ಬರಿಸಿದರೂ ಪ್ರೀತಿಯವಳೇ ಆದ ಅನೀಸಾ,

ನಿನ್ನ ಕರೆಗಳನ್ನು ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನೀನು ನಕ್ಕುಬಿಡುತ್ತೀಯ, ನನ್ನ ವಾದವೆಲ್ಲ ಕೆಟ್ಟುಹೋಗುತ್ತದೆ. ಅದಕ್ಕೇ ಈ ಕಾಗದ. ಇದನ್ನು ನಿನಗೆ ತಲುಪಿಸಲು ನಿನ್ನ ತಮ್ಮ ಯಾಸಿರ್ ಗುಂಡ್ಲುಪೇಟೆಗೆ ಹೊರಟು ನಿಂತು ಬೈಕಿನ ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೆಯಲಿ.

ನಮ್ಮ ಬ್ಯಾಂಡ್ ಹುಟ್ಟಿದ್ದು ಹೇಗೆ ಹೇಳು? ಯಾಸಿರ್ ಮೊಬೈಲಿನಲ್ಲಿ ಆಸ್ಟ್ರೇಲಿಯಾದ ಆ ಅಕ್ಕತಂಗಿಯರನ್ನು ತೋರಿಸಿದ. ಕುರಿಯ ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಗಿಟಾರ್ ಹಿಡಿದು, ತಮ್ಮೂರಿನ ಧೂಳು, ತಂತಿಬೇಲಿ, ಮೋಡ ನೋಡುವ ಅಪ್ಪನನ್ನೇ ಹಾಡುತ್ತಿದ್ದರು. ಯಾರನ್ನೂ ಮೆಚ್ಚಿಸಲು ಅಲ್ಲ. ನಾವೂ ಚೆಂಡುಹೂವಿನ ಹೊಲವನ್ನು, ಆನೆ ಕಾಯುವ ಅಟ್ಟಣೆಯನ್ನು ಹಾಡಿದೆವು. ಯಾಸಿರನ ಗಿಟಾರಿಗೆ ನನ್ನ ತಮಟೆ ಸೇರಿತು.

ಈಗ ಕಾಡಂಚಿನ ರೆಸಾರ್ಟಿಗೆ ಭಾನುವಾರ ಕರೆದಿದ್ದಾರೆ. ಮ್ಯಾನೇಜರ್ ಹೇಳಿದ್ದು ನಿನಗೂ ಕೇಳಿಸಿತು: ಹಾಡು, ಗಿಟಾರ್ ಊಟದ ಕೋಣೆಯೊಳಗೆ, ತಮಟೆಯದು ಸದ್ದು ಜಾಸ್ತಿ, ಬಾಗಿಲಾಚೆ ಇರಲಿ. ನನ್ನ ತಾತ ಚಿಕ್ಕಮಲ್ಲಪ್ಪ ಬೇರೆಯವರ ಮದುವೆಗಳಲ್ಲಿ ಚಪ್ಪರದಾಚೆ ನಿಂತೇ ಬಾರಿಸಿದ, ಎಲ್ಲರೂ ಉಂಡ ಮೇಲೆ ಉಂಡ. ಹೊರಗೆ ನಿಂತು ಬಾರಿಸಬೇಡಿ ಎನ್ನುವ ದಲಿತ ಸಂಘದ ಕರಪತ್ರಗಳನ್ನು ನಾನು ಓದಿ ಮಡಿಸಿಡಲಿಲ್ಲ ಅನೀಸಾ, ನಂಬಿದೆ.

ನೀನೋ, "ಸೋಮವಾರ ಕ್ಯಾಲಿಕಟ್‌ಗೆ ಹೊರಟೆ ಕಣೆ, ನರ್ಸಿಂಗ್ ಓದಕ್ಕೆ. ಒಂದ್ಸಲ ಮೈಕ್ ಮುಂದೆ ಹಾಡ್ಬುಡ್ತೀನಿ, ಆಮೇಲೆ ನಿನ್ ಕ್ರಾಂತಿ ಮಾಡ್ಕೊ" ಎಂದೆ. ಅವ್ವನೂ ನಿನ್ನ ಕಡೆಯೇ. "ಆ ಮಗ ಊರ್ ಬುಟ್ಟು ಓಯ್ತಾ ಅದೆ. ನೀನು ಕರಪತ್ರ ಓದ್ಕಂಡು ಕೂತ್ಕೊ ಕಣಮ್ಮಿ, ನಾಳಿಕ್ಕೆ ಆ ಕರಪತ್ರನೇ ಬಂದು ನಿನ್ ಜೊತೇಲಿ ಪದ ಏಳ್ತದೆ" ಎಂದು ಚುಚ್ಚುತ್ತಾಳೆ. ಬೆಳಿಗ್ಗೆಯಿಂದ ಹೊಲಕ್ಕೂ ಮನೆಗೂ ತಿರುಗುತ್ತಿದ್ದೇನೆ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆಂದು ತಿಳಿಯುವುದಿಲ್ಲ.

ಆದರೂ ಬರುವುದಿಲ್ಲ. ನೀನು ಹಾಡು, ಚೆನ್ನಾಗಿ ಹಾಡು. ನನ್ನ ತಮಟೆ ಬೇಕಿದ್ದರೆ ಅದು ಒಳಗೆ, ನಿನ್ನ ಪಕ್ಕದಲ್ಲಿ. ಅದನ್ನು ಅವರಿಗೆ ಹೇಳುವ ಧೈರ್ಯ ನಿನಗಿದೆಯೇ?

ನಿನ್ನ ಹಟಮಾರಿ,
ಭವ್ಯ

ಸಹಿ ಹಾಕಿದ ಮೇಲೆ: ಬೈಕ್ ಬಿಟ್ಟು ಒಳಬಂದ ಯಾಸಿರ್ ಬಗ್ಗಿ ಕೊನೆಯ ಸಾಲು ಓದಿ ನಗುತ್ತಿದ್ದಾನೆ. "ಅಕ್ಕ ನೆನ್ನೇನೇ ಮ್ಯಾನೇಜರ್‌ಗೆ ಹೇಳ್ಬುಟ್ಟವ್ಳೆ ಭವ್ಯಕ್ಕ. ಮೂರ್ ಜನಾನೂ ಒಳ್ಗೆ, ಇಲ್ಲಾಂದ್ರೆ ಮೂರ್ ಜನಾನೂ ರೋಡಲ್ಲಿ ಅಂತ. ನೀನು ಫೋನ್ ಎತ್ತಿದ್ರೆ ತಾನೆ!" ಮ್ಯಾನೇಜರ್ ಇನ್ನೂ ಒಪ್ಪಿಲ್ಲವಂತೆ. ಆ ಮೈಕ್ ನಿನಗೆ ಎಷ್ಟು ಬೇಕಿತ್ತೆಂದು ನನಗೆ ಗೊತ್ತು. ರೋಡಾದರೆ ರೋಡು, ಬರುತ್ತೇನೆ. ಈ ಕಾಗದ ಹರಿಯಬೇಕಿತ್ತು, ಹರಿಯಲಿಲ್ಲ. ನೀನು ಹೊರಡುವಾಗ ನನ್ನ ಕೈಬರಹದ್ದು ಏನಾದರೂ ನಿನ್ನ ಹತ್ತಿರ ಇರಲಿ.