ರೂಟರ್ ಮೇಲಿನ ಸ್ಟೀಲ್ ಡಬ್ಬ

ಪ್ರೀತಿಯ ಅಜ್ಜಿ,

ಎದುರಿಗೆ ಬೈಯೋಕೆ ಬಂದ್ರೆ ನೀನು ನಗಿಸಿಬಿಡ್ತೀಯ. ಅದಕ್ಕೇ ಕೋಪ ಇರೋವಾಗ್ಲೇ ಬರೀತಿದೀನಿ.

ದಿನಾ ಮಧ್ಯಾಹ್ನ ನನ್ನ ಕಂಪ್ಯೂಟರಲ್ಲಿ ವೈಫೈ ಹೋಗ್ತಿತ್ತಲ್ಲ, ಅದಕ್ಕೆ ಏನೇನು ಮಾಡ್ದೆ ಗೊತ್ತಾ? ವೈಫೈ ನಡೆಸೋ ಡ್ರೈವರ್ ಸಾಫ್ಟ್‌ವೇರ್ ಬದಲಾಯಿಸ್ದೆ, ಪವರ್ ಸೇವಿಂಗ್ ಆಫ್ ಮಾಡ್ದೆ. ಕಂಪ್ಯೂಟರಲ್ಲಿ ವಿಂಡೋಸ್ ತೆಗೆದು ಲಿನಕ್ಸ್ ಹಾಕ್ಕೊಂಡಿದೀನಲ್ಲ, ಅದರ ಆನ್‌ಲೈನ್ ಗ್ರೂಪಲ್ಲಿ ಎಷ್ಟು ತಲೆ ತಿಂದೆ ಅಂದ್ರೆ, ಅಲ್ಲಿನ ಅಣ್ಣಂದಿರು "ತಾಯೀ, ಮೊದಲು ರೂಟರ್ ನೋಡಮ್ಮ" ಅಂತ ಕೈ ಮುಗಿದ್ರು. ನೋಡೋಕೆ ಹಾಲ್‌ಗೆ ಬಂದ್ರೆ ನೆಟ್ ವಾಪಸ್ ಬಂದಿರ್ತಿತ್ತು! ಕಾಯ್ತಾ ನಿನ್ನ ಪಕ್ಕ ಕೂತ್ರೆ ಒಂದ್ಸಲಾನೂ ಹೋಗ್ತಿರಲಿಲ್ಲ. ಅಪ್ಪ ಬೇರೆ, "ಭಾನುವಾರದೊಳಗೆ ಸರಿ ಹೋಗದಿದ್ರೆ ನಿನ್ನ ಲಿನಕ್ಸ್ ಕಿತ್ತು ಹಾಕಿಸ್ತೀನಿ" ಅಂತ ಕೂತಿದಾರೆ.

ಇವತ್ತು ಸಿಗ್ನಲ್ ಸಿಗ್ಲಿ ಅಂತ ರೂಮಿನ ಬಾಗಿಲು ತೆಗೆದಿಟ್ಟಿದ್ದೆ, ಹಾಲ್ ಪೂರ್ತಿ ಕಾಣ್ತಿತ್ತು. ನೀನು ರೂಟರ್ ಮೇಲೆ ಸ್ಟೀಲ್ ಡಬ್ಬ ಬೋರಲು ಹಾಕಿದೆ. ಆಮೇಲೆ ಏನೂ ಗೊತ್ತಿಲ್ಲದವಳ ಥರ ಸೋಫಾದಲ್ಲಿ ಸರಿದು ಕೂತೆ, ಪಕ್ಕದಲ್ಲಿ ನನಗೆ ಜಾಗ ಬಿಟ್ಟು. ದಿನಾ ನನ್ನ ಬಾಗಿಲು ಕಿರ್ ಅಂದ ತಕ್ಷಣ ನೀನು ಡಬ್ಬ ತೆಗೀತಿದ್ದೆ ಅಲ್ವಾ? ಲೋಹ ಅಡ್ಡ ಬಂದ್ರೆ ಸಿಗ್ನಲ್ ಬರಲ್ಲ ಅಂತ ನಿನಗೆ ಹೇಳಿಕೊಟ್ಟವಳೂ ನಾನೇ, ಕರ್ಮ!

ತಪ್ಪು ಲಿನಕ್ಸ್‌ದಲ್ಲ ಅಂತ ಅಪ್ಪಂಗೆ ನೀನೇ ಹೇಳ್ಬೇಕು. ಡಬ್ಬ ಅಡುಗೆಮನೆಗೆ ಹೋಗ್ಬೇಕು. ಮಧ್ಯಾಹ್ನ ನಾನು ಬೇಕಾದ್ರೆ ಬಾಗಿಲು ತಟ್ಟು. ಬೇಡ, ತಟ್ಟೋದೂ ಬೇಡ, ನಾನೇ ಬರ್ತೀನಿ. ಆ ಜಾಗ ಹಾಗೇ ಬಿಟ್ಟಿರು.

ಇನ್ನೂ ಕೋಪದಲ್ಲೇ ಇರೋ,
ನಿನ್ನ ಮೊಮ್ಮಗಳು